ಲೆಕ್ಕ ಹಾಕಿ ಹಾರಿದ ಎಡ್ಡಿ ಅಲೆನ್

ಹೊಸ ವಿಮಾನವೊಂದು ಕಾರ್ಖಾನೆಯಿಂದ ಹೊರಬಂದಾಗ ಅದು ಹಾರುತ್ತದೆ ಎಂಬುದು ಕಾಗದದ ಮೇಲಿನ ಲೆಕ್ಕ ಮಾತ್ರ. ಲೆಕ್ಕ ಸರಿಯೋ ತಪ್ಪೋ ಎಂದು ತಿಳಿಯಬೇಕಾದರೆ ಯಾರಾದರೂ ಅದರೊಳಗೆ ಕುಳಿತು ನೆಲ ಬಿಡಲೇಬೇಕು. 1930-40ರ ದಶಕದ ಅಮೆರಿಕದಲ್ಲಿ ಈ ಕೆಲಸಕ್ಕೆ ವಿಮಾನ ಕಂಪನಿಗಳು ಮೊದಲು ನೆನಪಿಸಿಕೊಳ್ಳುತ್ತಿದ್ದ ಹೆಸರು ಎಡ್ಮಂಡ್ ಟರ್ನಿ ಅಲೆನ್. ಎಲ್ಲರ ಬಾಯಲ್ಲಿ ಅವರು ಎಡ್ಡಿ ಅಲೆನ್.

ಪರೀಕ್ಷಾ ಪೈಲಟ್ ಎಂದರೆ ನಮ್ಮ ಕಣ್ಣಮುಂದೆ ಬರುವುದು ಸಿನಿಮಾದ ಹೀರೊ: ಎದೆಯುಬ್ಬಿಸಿ ನಡೆಯುವವನು, ಸಾವಿಗೆ ಸವಾಲು ಹಾಕುವವನು. ಅಲೆನ್ ಹಾಗಿರಲಿಲ್ಲ. ತೆಳ್ಳಗಿನ ಮೈಕಟ್ಟು, ಮೆಲುದನಿ, ತೆಳು ಮೀಸೆ. ನೋಡಿದವರು ಕಾಲೇಜಿನ ಮೇಷ್ಟ್ರು ಎಂದುಕೊಳ್ಳಬಹುದಿತ್ತು. ಆದರೆ ಆ ಕಾಲದ ಅತಿ ದೊಡ್ಡ ವಿಮಾನಗಳಲ್ಲಿ ಹಲವನ್ನು ಮೊದಲ ಬಾರಿಗೆ ಆಕಾಶಕ್ಕೆ ಒಯ್ದದ್ದು ಅವರೇ. ಅಂಥವರ ಕೊನೆಯ ಹಾರಾಟ ಮುಗಿದದ್ದು ಸಿಯಾಟಲ್ ನಗರದ ಒಂದು ಮಾಂಸ ಸಂಸ್ಕರಣಾ ಕಾರ್ಖಾನೆಯ ಗೋಡೆಯಲ್ಲಿ. ಅಂದು ಸತ್ತವರಲ್ಲಿ ವಿಮಾನದವರಿಗಿಂತ ನೆಲದ ಮೇಲಿದ್ದವರೇ ಹೆಚ್ಚು.

ಬಿಡಿಬಿಡಿಯಾಗಿ ಓದಿದ ವಿದ್ಯೆ

ಅಲೆನ್ ಹುಟ್ಟಿದ್ದು 1896ರ ಜನವರಿ 4ರಂದು, ಷಿಕಾಗೊದಲ್ಲಿ. ಶಾಲೆ ಮುಗಿಯುವ ಹೊತ್ತಿಗೆ ತಂದೆ ತೀರಿಕೊಂಡಿದ್ದರು. ಮನೆ ನಡೆಸುವ ಭಾರ ಹುಡುಗನ ಮೇಲೆ ಬಿತ್ತು. ಜೊತೆಯವರು ಕಾಲೇಜಿಗೆ ಹೋದಾಗ ಅವರು ಕೆಲಸಕ್ಕೆ ಹೋದರು. ಮೂರು ವರ್ಷ ದುಡಿದ ಮೇಲೆ ಇಲಿನಾಯ್ ವಿಶ್ವವಿದ್ಯಾಲಯ ಸೇರಿದರು. ಒಂದು ವರ್ಷ ಕಳೆಯುವಷ್ಟರಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿಯಿತು. ಓದು ನಿಂತಿತು, ಸೇನೆಯ ವೈಮಾನಿಕ ವಿಭಾಗ ಕೈಬೀಸಿ ಕರೆಯಿತು.

ಅಲ್ಲಿ ಹಾರುವುದನ್ನು ಕಲಿತರು, ಕಲಿಸುವವರೂ ಆದರು. ಆದರೆ ಅವರ ಬದುಕಿನ ದಿಕ್ಕು ಬದಲಾದದ್ದು ಬ್ರಿಟನ್‌ಗೆ ಹೋದಾಗ. ಹೊಸ ವಿಮಾನಗಳನ್ನು ಪರೀಕ್ಷಿಸುವ ಕ್ರಮವನ್ನು ಬ್ರಿಟಿಷರು ಆ ವೇಳೆಗೆ ರೂಢಿಸಿಕೊಂಡಿದ್ದರು. ವಿಮಾನ ಚೆನ್ನಾಗಿದೆ, ಭಾರವೆನಿಸುತ್ತದೆ ಎಂದು ಪೈಲಟ್ ಬಾಯಿಮಾತಿನಲ್ಲಿ ಹೇಳಿದರೆ ಸಾಲದು. ಎಷ್ಟು ಎತ್ತರದಲ್ಲಿ ಎಷ್ಟು ವೇಗ, ಎಷ್ಟು ನಿಮಿಷಕ್ಕೆ ಎಷ್ಟು ಏರಿಕೆ, ಎಂಜಿನ್ ಎಷ್ಟು ಬಿಸಿಯಾಯಿತು ಎಂದು ಅಳೆದು ಬರೆದು ತರಬೇಕು. ಇದನ್ನು ಕಲಿತು ಬಂದ ಅಲೆನ್, ಯುದ್ಧ ಮುಗಿದ ಮೇಲೆ ಅಮೆರಿಕದ ವೈಮಾನಿಕ ಸಂಶೋಧನಾ ಸಂಸ್ಥೆ ನಾಕಾದ ಮೊದಲ ಪರೀಕ್ಷಾ ಪೈಲಟ್ ಆದರು. ಮುಂದೆ ನಾಸಾ ಆದದ್ದು ಇದೇ ಸಂಸ್ಥೆ.

ಅಷ್ಟು ಒಳ್ಳೆಯ ಕೆಲಸ ಸಿಕ್ಕ ಮೇಲೆ ಬಹಳ ಜನ ಅಲ್ಲೇ ನೆಲೆಯೂರುತ್ತಾರೆ. ಅಲೆನ್ ಮತ್ತೆ ಓದಲು ಹೊರಟರು. ತಾವು ಅಳೆದು ತರುತ್ತಿದ್ದ ಅಂಕಿಗಳ ಹಿಂದಿನ ಶಾಸ್ತ್ರ ತಿಳಿಯಬೇಕಿತ್ತು. ಇಲಿನಾಯ್‌ಗೆ ಮರಳಿ ಒಂದು ವರ್ಷ, ಆಮೇಲೆ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಎರಡು ವರ್ಷ ವೈಮಾನಿಕ ಎಂಜಿನಿಯರಿಂಗ್ ಓದಿದರು. ಅಲ್ಲಿ ಸಹಪಾಠಿಗಳೊಂದಿಗೆ ಸೇರಿ ಗ್ಲೈಡರ್ ಕಟ್ಟಿ, 1922ರಲ್ಲಿ ಅದನ್ನು ಯುರೋಪಿಗೆ ಒಯ್ದು ಸ್ಪರ್ಧೆಯಲ್ಲಿ ಹಾರಿಸಿದರು. ಎಂಜಿನ್ ಇಲ್ಲದ ವಿಮಾನ ಗಾಳಿಯ ಗುಣವನ್ನು ಕಲಿಸುವಷ್ಟು ಬೇರಾವುದೂ ಕಲಿಸದು.

ಹೊಟ್ಟೆಪಾಡಿಗೆ ಅವರು ಹಿಡಿದದ್ದು ಟಪಾಲು ವಿಮಾನದ ಕೆಲಸ. 1920ರ ದಶಕದ ಅಮೆರಿಕದ ವಿಮಾನ ಅಂಚೆ ಎಂದರೆ ಮೇಲ್ಛಾವಣಿ ಇಲ್ಲದ ಕಾಕ್‌ಪಿಟ್, ಒಬ್ಬನೇ ಪೈಲಟ್, ಕೆಳಗೆ ರಾಕಿ ಪರ್ವತ, ಎದುರಿಗೆ ಹಿಮಗಾಳಿ. ಆ ಸೇವೆಯಲ್ಲಿ ಹತ್ತಾರು ಪೈಲಟ್‌ಗಳು ಜೀವ ಕಳೆದುಕೊಂಡಿದ್ದರು. 1927ರಲ್ಲಿ ಈ ಮಾರ್ಗ ಬೋಯಿಂಗ್‌ನ ಸಾರಿಗೆ ಕಂಪನಿಗೆ ಹೋದಾಗ ಅಲೆನ್ ಕೂಡ ಅದರ ಜೊತೆ ಹೋದರು. ಟಪಾಲು ಹೊರುತ್ತಲೇ, ಬಿಡುವಿನಲ್ಲಿ ಹೊಸ ವಿಮಾನಗಳನ್ನು ಪರೀಕ್ಷಿಸುತ್ತಿದ್ದರು.

ವಿಮಾ ಕಂಪನಿಗೂ ಬೇಕಾದ ಪೈಲಟ್

1930ರ ದಶಕದಲ್ಲಿ ಅವರು ಯಾವ ಒಂದು ಕಂಪನಿಗೂ ಸೇರದೆ ಕರೆದವರಿಗೆಲ್ಲ ವಿಮಾನ ಪರೀಕ್ಷಿಸಿಕೊಡತೊಡಗಿದರು. ಡಗ್ಲಸ್, ನಾರ್ಥ್ರಾಪ್, ಕರ್ಟಿಸ್-ರೈಟ್, ಲಾಕ್‌ಹೀಡ್, ಬೋಯಿಂಗ್ ಹೀಗೆ ಪಟ್ಟಿ ಬೆಳೆಯಿತು. ಅಲೆನ್ ಹಾರಿಸುತ್ತಾರೆ ಎಂದರೆ ವಿಮಾ ಕಂಪನಿಗಳು ಪ್ರೀಮಿಯಂ ಕಡಿಮೆ ಮಾಡುತ್ತಿದ್ದವು ಎಂಬ ಮಾತು ಆ ಕಾಲದಲ್ಲಿ ಹರಡಿತ್ತು. ಅಪಾಯವನ್ನೇ ದುಡ್ಡಿನಲ್ಲಿ ಅಳೆಯುವವರ ಈ ನಂಬಿಕೆ ಯಾವ ಪ್ರಶಸ್ತಿಗೂ ಕಡಿಮೆಯಲ್ಲ.

ಆ ನಂಬಿಕೆಗೆ ಕಾರಣ ಅವರ ಕೆಲಸದ ರೀತಿ. ಹಾರುವ ಮೊದಲೇ ಆ ಹಾರಾಟದ ಪ್ರತಿ ಹಂತವೂ ಕಾಗದದ ಮೇಲೆ ಸಿದ್ಧವಾಗಿರಬೇಕು. ಒಂದೇ ಸಲಕ್ಕೆ ಗರಿಷ್ಠ ವೇಗಕ್ಕೆ ಹೋಗಬಾರದು, ಮೆಟ್ಟಿಲು ಹತ್ತಿದಂತೆ ಹೋಗಬೇಕು. ಪೈಲಟ್‌ನ ನೆನಪನ್ನು ನಂಬದೆ ಉಪಕರಣಗಳ ಮಾಪನವನ್ನು ನಂಬಬೇಕು. ಇಳಿದ ಮೇಲೆ ಎಂಜಿನಿಯರ್‌ಗಳ ಜೊತೆ ಕುಳಿತು ಪ್ರತಿ ಅಂಕಿಯನ್ನೂ ಚರ್ಚಿಸಬೇಕು.

1938ರ ಜೂನ್ 7ರ ಒಂದು ಉದಾಹರಣೆ ನೋಡಿ. ಬೋಯಿಂಗ್ 314 ಎಂಬ ದೈತ್ಯ ನೀರವಿಮಾನವನ್ನು ಅಲೆನ್ ಮೊದಲ ಬಾರಿಗೆ ಹಾರಿಸಿದರು. ನೀರಿನಿಂದ ಮೇಲೆದ್ದ ಮೇಲೆ ಗೊತ್ತಾಯಿತು, ವಿಮಾನ ತಿರುಗುತ್ತಿಲ್ಲ! ಬಾಲದ ಒಂಟಿ ರೆಕ್ಕೆಗೆ ಅಷ್ಟು ದೊಡ್ಡ ಒಡಲನ್ನು ತಿರುಗಿಸುವ ಶಕ್ತಿ ಇರಲಿಲ್ಲ. ಅಲೆನ್ ಒಂದು ಬದಿಯ ಎಂಜಿನ್‌ಗಳಿಗೆ ಹೆಚ್ಚು, ಇನ್ನೊಂದು ಬದಿಗೆ ಕಡಿಮೆ ಶಕ್ತಿ ಕೊಟ್ಟು ದೊಡ್ಡ ಸುತ್ತು ಹಾಕಿ, ಕೆರೆಯ ಮೇಲೆ ಸುರಕ್ಷಿತವಾಗಿ ಇಳಿಸಿದರು. ಬಾಲಕ್ಕೆ ಮೊದಲು ಎರಡು, ಕೊನೆಗೆ ಮೂರು ರೆಕ್ಕೆ ಬಂದವು. ಮುಂದೆ ಅದೇ ವಿಮಾನ ಸಾಗರಗಳನ್ನು ದಾಟಿ ಪ್ರಯಾಣಿಕರನ್ನು ಸಾಗಿಸಿತು.

1938ರ ಕೊನೆಯ ದಿನ ಅವರು ಸ್ಟ್ರಾಟೊಲೈನರ್ ಎಂಬ ಪ್ರಯಾಣಿಕ ವಿಮಾನವನ್ನೂ ಮೊದಲ ಬಾರಿ ಹಾರಿಸಿದರು. ಒಳಗಿನ ಗಾಳಿಯ ಒತ್ತಡವನ್ನು ಹತೋಟಿಯಲ್ಲಿಟ್ಟು ಮೋಡಗಳ ಮೇಲೆ ಪ್ರಯಾಣಿಕರನ್ನು ಒಯ್ಯಲು ಕಟ್ಟಿದ ವಿಮಾನವದು. 1939ರ ಮಾರ್ಚ್ 18ರಂದು ಬೇರೆಯವರು ಹಾರಿಸುತ್ತಿದ್ದಾಗ ಅದು ಮುರಿದುಬಿದ್ದು ಹತ್ತು ಮಂದಿ ಸತ್ತರು. ಬೋಯಿಂಗ್ ಕಂಪನಿ ಬೆಚ್ಚಿಬಿತ್ತು. ಹಾರಾಟ ಪರೀಕ್ಷೆ ಮತ್ತು ವಾಯುಬಲ ಸಂಶೋಧನೆಗೆ ಪ್ರತ್ಯೇಕ ವಿಭಾಗ ತೆರೆದು, ಮರುತಿಂಗಳೇ ಅಲೆನ್ ಅವರನ್ನು ಮುಖ್ಯಸ್ಥರನ್ನಾಗಿ ಕರೆತಂದಿತು. ಸ್ಟ್ರಾಟೊಲೈನರ್‌ಗೆ ದೊಡ್ಡ ಬಾಲ ಬಂತು. ಅದೇ ಬಾಲ ಬಿ-17 ಬಾಂಬರ್‌ಗೂ ಹೋಯಿತು.

ಬೋಯಿಂಗ್‌ಗೆ ಅಲೆನ್ ಕೊಟ್ಟ ಮತ್ತೊಂದು ಸಲಹೆ, ಸ್ವಂತದ ಒಂದು ಗಾಳಿ ಸುರಂಗ ಕಟ್ಟಿ ಎಂಬುದು. ಸುರಂಗದೊಳಗೆ ಪುಟ್ಟ ಮಾದರಿಯನ್ನು ನಿಲ್ಲಿಸಿ ಅದರ ಮೇಲೆ ರಭಸದ ಗಾಳಿ ಹಾಯಿಸಿದರೆ ವಿಮಾನದ ಗುಣದೋಷಗಳು ನೆಲದ ಮೇಲೆಯೇ ಗೊತ್ತಾಗುತ್ತವೆ. ಮಾದರಿ ಮುರಿದರೆ ಇನ್ನೊಂದು ಮಾಡಬಹುದು, ಮನುಷ್ಯ ಹೋದರೆ ಹೋದ. ಬಹಳ ಹಣ ಬೇಡುವ ಈ ಯೋಜನೆಗೆ ಕಂಪನಿ ಒಪ್ಪಿತು.

ಹಾರುವ ಮೊದಲೇ ಮಾರಾಟವಾದ ವಿಮಾನ

ಈ ಹೊತ್ತಿಗೆ ಎರಡನೇ ಮಹಾಯುದ್ಧ ಶುರುವಾಗಿತ್ತು. ಸಾಗರಗಳನ್ನು ದಾಟಿ ಶತ್ರುವನ್ನು ಮುಟ್ಟಬಲ್ಲ ಬಾಂಬರ್ ಅಮೆರಿಕದ ಸೇನೆಗೆ ಬೇಕಿತ್ತು. ಬೋಯಿಂಗ್ ರೂಪಿಸಿದ ಉತ್ತರವೇ ಬಿ-29. ರೆಕ್ಕೆಯ ಉದ್ದ 141 ಅಡಿ. ನಾಲ್ಕು ಎಂಜಿನ್, ಒಂದೊಂದಕ್ಕೂ 18 ಸಿಲಿಂಡರ್, 2,200 ಅಶ್ವಶಕ್ತಿ. ಇಡೀ ಯೋಜನೆಗೆ ಕೊನೆಗೆ ಸುಮಾರು 300 ಕೋಟಿ ಡಾಲರ್ ಖರ್ಚಾಯಿತು. ಅಣುಬಾಂಬ್ ತಯಾರಿಸಲು ತಗುಲಿದ್ದು ಸುಮಾರು 200 ಕೋಟಿ ಡಾಲರ್.

ಸಾಮಾನ್ಯವಾಗಿ ಮೊದಲು ಮಾದರಿ ವಿಮಾನ, ಆಮೇಲೆ ಪರೀಕ್ಷೆ, ಕೊನೆಗೆ ಖರೀದಿ. ಇಲ್ಲಿ ಎಲ್ಲವೂ ತಲೆಕೆಳಗು. 1942ರ ಸೆಪ್ಟೆಂಬರ್ 21ರಂದು ಅಲೆನ್ ಮೊದಲ ಬಿ-29 ಅನ್ನು ಹಾರಿಸುವ ಹೊತ್ತಿಗೆ ಒಂದೂವರೆ ಸಾವಿರಕ್ಕೂ ಹೆಚ್ಚು ವಿಮಾನಗಳಿಗೆ ಆರ್ಡರ್ ಆಗಿತ್ತು. ಕಾರ್ಖಾನೆಗಳು ಏಳುತ್ತಿದ್ದವು, ಸಾವಿರಾರು ಕಾರ್ಮಿಕರು ಸೇರುತ್ತಿದ್ದರು. ಪರೀಕ್ಷೆಯಲ್ಲಿ ದೋಷ ಕಂಡರೆ ನಿಲ್ಲಿಸಿ ಎನ್ನುವುದು ಯಾರಿಗೂ ಸುಲಭವಿರಲಿಲ್ಲ.

ದೋಷ ಇದ್ದದ್ದು ಎಂಜಿನ್‌ನಲ್ಲಿ. ರೈಟ್ ಕಂಪನಿಯ ಆರ್-3350 ಎಂಜಿನ್ ಬಲು ಬೇಗ ಬಿಸಿಯಾಗುತ್ತಿತ್ತು. ಅದರ ಕೆಲವು ಭಾಗಗಳು ಮೆಗ್ನೀಸಿಯಂ ಮಿಶ್ರಲೋಹದವು. ತೂಕ ಕಡಿಮೆ, ಆದರೆ ಬೆಂಕಿ ಹತ್ತಿದರೆ ಆರಿಸುವುದು ಕಷ್ಟ. ಮೊದಲ ವಿಮಾನ ಮೂವತ್ತು ಗಂಟೆ ಹಾರುವುದರೊಳಗೆ ಹನ್ನೆರಡಕ್ಕೂ ಹೆಚ್ಚು ಸಲ ಎಂಜಿನ್ ಬದಲಿಸಬೇಕಾಯಿತು.

1942ರ ಡಿಸೆಂಬರ್ 30ರಂದು ಎರಡನೇ ಮಾದರಿ ವಿಮಾನದ ಮೊದಲ ಹಾರಾಟ. ಏರಿದ ಕೆಲವೇ ನಿಮಿಷಗಳಲ್ಲಿ ನಾಲ್ಕನೇ ಎಂಜಿನ್‌ನ ಪ್ರೊಪೆಲ್ಲರ್ ಹತೋಟಿ ತಪ್ಪಿತು. ಹಿಂದೆಯೇ ಬೆಂಕಿ. ಅದನ್ನು ಆರಿಸುವ ಪ್ರಯತ್ನ ಫಲಿಸಲಿಲ್ಲ, ಕಾಕ್‌ಪಿಟ್‌ಗೆ ಹೊಗೆ ತುಂಬಿತು. ಅಲೆನ್ ಆ ಸ್ಥಿತಿಯಲ್ಲೂ ವಿಮಾನವನ್ನು ಹಿಂದಕ್ಕೆ ತಂದು ಇಳಿಸಿದರು. ಎಲ್ಲರೂ ಬದುಕಿದರು.

ಹತ್ತು ದಿನಗಳ ನಂತರ, 1943ರ ಜನವರಿ 9ರಂದು, ಲಾಕ್‌ಹೀಡ್ ಕಂಪನಿ ಅವರನ್ನು ಎರವಲು ಪಡೆದು ತನ್ನ ಹೊಸ ವಿಮಾನ ಕಾನ್‌ಸ್ಟೆಲೇಷನ್ ಅನ್ನು ಹಾರಿಸಿಕೊಂಡಿತು. ಅದರಲ್ಲಿ ಇದ್ದದ್ದೂ ಇದೇ ಆರ್-3350 ಎಂಜಿನ್. ಆ ಹಾರಾಟ ಸುಸೂತ್ರವಾಗಿ ಮುಗಿಯಿತು. ಅಲೆನ್ ಸಿಯಾಟಲ್‌ಗೆ, ತಮ್ಮ ಬಿ-29ರ ಬಳಿಗೆ ಮರಳಿದರು.

ಹದಿನೇಳು ನಿಮಿಷ

1943ರ ಫೆಬ್ರುವರಿ 18, ಗುರುವಾರ. ಮಧ್ಯಾಹ್ನ 12 ಗಂಟೆ 9 ನಿಮಿಷಕ್ಕೆ ಎರಡನೇ ಬಿ-29 ಬೋಯಿಂಗ್ ವಿಮಾನ ನಿಲ್ದಾಣದಿಂದ ಮೇಲೆದ್ದಿತು. ಒಳಗೆ ಅಲೆನ್ ಸೇರಿ ಹನ್ನೊಂದು ಮಂದಿ. ಬಿ-29ರ ಬಗ್ಗೆ ಜಗತ್ತಿನಲ್ಲೇ ಅತಿ ಹೆಚ್ಚು ಬಲ್ಲ ಹಾರಾಟ ಪರೀಕ್ಷಾ ಎಂಜಿನಿಯರ್‌ಗಳು ಅವರಲ್ಲಿ ಇದ್ದರು. ಎಂಜಿನ್ ಎಷ್ಟು ತಂಪಾಗಿರುತ್ತದೆ, ವಿಮಾನ ಹೇಗೆ ಏರುತ್ತದೆ ಎಂದು ಅಳೆಯುವುದು ಆ ದಿನದ ಕೆಲಸವಾಗಿತ್ತು.

ಸುಮಾರು 5,000 ಅಡಿ ಎತ್ತರದಲ್ಲಿ ಎಡರೆಕ್ಕೆಯ ತುದಿಯ ಕಡೆಗಿದ್ದ ಒಂದನೇ ಎಂಜಿನ್‌ಗೆ ಬೆಂಕಿ ಹತ್ತಿತು. ಇಂಧನ ನಿಲ್ಲಿಸಿ, ಇಂಗಾಲದ ಡೈ ಆಕ್ಸೈಡ್ ಹಾಯಿಸಿ ಬೆಂಕಿ ಆರಿಸಿದರು. ಆರಿತೆಂದೇ ತೋರಿತು. ಮೂರು ಎಂಜಿನ್‌ಗಳ ಬಲದಲ್ಲಿ ಅಲೆನ್ ನಿಲ್ದಾಣದ ಕಡೆ ತಿರುಗಿದರು. ಅವಸರವಿಲ್ಲದೆ, ವಾಡಿಕೆಯ ಕ್ರಮದಲ್ಲಿ, ನಗರದ ಉತ್ತರದಿಂದ ಸುತ್ತಿ ಬಂದು ರನ್‌ವೇಗೆ ಇಳಿಯುವುದು ಅವರ ಯೋಜನೆ.

ಆದರೆ ಬೆಂಕಿ ಆರಿರಲಿಲ್ಲ, ಕಣ್ಣಿಗೆ ಕಾಣದ ಕಡೆ ಉರಿಯುತ್ತಿತ್ತು. ರೆಕ್ಕೆಯ ಮುಂಭಾಗದ ಟೊಳ್ಳಿನೊಳಗೆ ಸೋರಿದ್ದ ಪೆಟ್ರೋಲ್‌ಗೆ ಅದು ತಗುಲಿತ್ತು. 12.24ರ ಸುಮಾರಿಗೆ ದೊಡ್ಡ ಸ್ಫೋಟ ಕೇಳಿಸಿತು. ರೆಕ್ಕೆಯ ಸುಟ್ಟ ತುಂಡುಗಳು ನಗರದ ಮೇಲೆ ಉದುರತೊಡಗಿದವು. ರೆಕ್ಕೆಯ ತೊಲೆಗೇ ಬೆಂಕಿ ಹತ್ತಿದೆ ಎಂಬ ಸಂದೇಶ ರೇಡಿಯೊದಲ್ಲಿ ನೆಲವನ್ನು ತಲುಪಿತು. ಕೆಳಗೆ ಬೀದಿ, ಮನೆ, ಕಾರ್ಖಾನೆ. ಮೂವರು ಜಿಗಿದರು. ಪ್ಯಾರಾಚೂಟ್ ಅರಳಿ ಹಿಡಿಯುವಷ್ಟು ಎತ್ತರ ಉಳಿದಿರಲಿಲ್ಲ.

12.26ಕ್ಕೆ ವಿಮಾನ ಫ್ರೈ ಕಂಪನಿಯ ಮಾಂಸ ಸಂಸ್ಕರಣಾ ಕಾರ್ಖಾನೆಯ ಕಟ್ಟಡಕ್ಕೆ ಅಪ್ಪಳಿಸಿತು. ರನ್‌ವೇ ಇನ್ನು ಕೆಲವೇ ಕಿಲೋಮೀಟರ್ ದೂರದಲ್ಲಿತ್ತು. ಸಾವಿರಾರು ಲೀಟರ್ ಪೆಟ್ರೋಲ್ ಒಮ್ಮೆಲೇ ಹೊತ್ತಿಕೊಂಡಿತು. ಕಟ್ಟಡದೊಳಗೆ ಎಂದಿನಂತೆ ಕೆಲಸ ನಡೆದಿತ್ತು. ಮನೆಯಿಂದ ಬೆಳಿಗ್ಗೆ ಹೊರಟ ಸುಮಾರು ಇಪ್ಪತ್ತು ಕಾರ್ಮಿಕರು ಅಲ್ಲಿಯೇ ಸತ್ತರು. ಬೆಂಕಿ ಆರಿಸಲು ಬಂದ ಅಗ್ನಿಶಾಮಕ ಸಿಬ್ಬಂದಿಯೊಬ್ಬರೂ ಜೀವ ಕಳೆದುಕೊಂಡರು. ವಿಮಾನದ ಹನ್ನೊಂದು ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಅಲೆನ್‌ಗೆ ಆಗ 47 ವರ್ಷ.

ಬಿ-29 ಆಗ ಸೇನೆಯ ಗುಟ್ಟು. ನಗರದ ನಡುವೆ, ಹಗಲು ಹೊತ್ತಿನಲ್ಲಿ, ಸಾವಿರಾರು ಜನರ ಕಣ್ಣೆದುರು ಬಿದ್ದದ್ದನ್ನು ಮುಚ್ಚಿಡುವುದು ಸಾಧ್ಯವಿರಲಿಲ್ಲ. ಆದರೂ ಬಿದ್ದದ್ದು ಎಂಥ ವಿಮಾನ ಎಂಬುದನ್ನು ಪತ್ರಿಕೆಗಳು ಬಿಡಿಸಿ ಹೇಳುವಂತಿರಲಿಲ್ಲ. ತಮ್ಮವರನ್ನು ಕೊಂದದ್ದು ಏನು ಎಂಬ ಪೂರ್ಣ ವಿವರ ಕಾರ್ಮಿಕರ ಮನೆಯವರಿಗೆ ಆಗ ಸಿಗಲಿಲ್ಲ.

ಯಾರ ತಪ್ಪು?

ತನಿಖೆಯಲ್ಲಿ ತಾಂತ್ರಿಕ ಕಾರಣ ಹೊರಬಂತು. ಇಂಧನ ತುಂಬುವ ಬಾಯಿಯ ಬಳಿ ಸೋರಿದ ಪೆಟ್ರೋಲ್ ರೆಕ್ಕೆಯ ಒಳಗೆ ಸೇರುತ್ತಿತ್ತು. ಎಂಜಿನ್‌ಗೂ ರೆಕ್ಕೆಗೂ ನಡುವೆ ಬೆಂಕಿ ತಡೆಯುವ ವ್ಯವಸ್ಥೆ ಸಾಲದಾಗಿತ್ತು. ಮುಂದಿನ ವಿಮಾನಗಳಲ್ಲಿ ಇವನ್ನು ಸರಿಪಡಿಸಿದರು. ಇದೇ ಎಂಜಿನ್ ಇದ್ದ ಕಾನ್‌ಸ್ಟೆಲೇಷನ್ ಹಾರಾಟವನ್ನೂ ಕೆಲಕಾಲ ನಿಲ್ಲಿಸಲಾಯಿತು. ಬಿ-29ರ ಪರೀಕ್ಷೆಯ ಹೊಣೆಯನ್ನು ಸೇನೆಯೇ ವಹಿಸಿಕೊಂಡಿತು.

ಆದರೆ ತಾಂತ್ರಿಕ ಕಾರಣದ ಹಿಂದೆ ಇನ್ನೊಂದು ಕಾರಣವಿತ್ತು. ಹ್ಯಾರಿ ಟ್ರೂಮನ್ ಆಗ ಸೆನೆಟ್ ಸದಸ್ಯರು, ಯುದ್ಧದ ಖರ್ಚುವೆಚ್ಚ ಪರಿಶೀಲಿಸುವ ಸಮಿತಿಯ ಅಧ್ಯಕ್ಷರು. ಆ ಸಮಿತಿ ಎಂಜಿನ್ ತಯಾರಿಕೆಯನ್ನು ಕೆದಕಿ ನೋಡಿತು. ಎಣಿಕೆ ಹೆಚ್ಚಿಸುವ ಭರದಲ್ಲಿ ರೈಟ್ ಕಂಪನಿ ಗುಣಮಟ್ಟವನ್ನು ಕಡೆಗಣಿಸಿತ್ತು ಎಂದಿತು. ಹಾಗೆ ಅವಸರ ಮಾಡುವಂತೆ ಕಂಪನಿಯ ಮೇಲೆ ಅತಿಯಾದ ಒತ್ತಡ ಹೇರಿದ ಸೇನೆಯನ್ನೂ ಬಿಡಲಿಲ್ಲ.

ಹಾಗಾದರೆ ಅಲೆನ್? ಎಂಜಿನ್ ಸರಿಯಿಲ್ಲವೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಇರಲಿಲ್ಲ. ಏಳು ವಾರಗಳ ಹಿಂದೆ ಅದೇ ವಿಮಾನದಲ್ಲಿ ಬೆಂಕಿಯನ್ನು ಕಣ್ಣಾರೆ ಕಂಡಿದ್ದರು. ಆದರೂ ಹಾರಿದರು. ಹಾರದಿದ್ದರೆ ದೋಷ ಎಲ್ಲಿದೆ ಎಂದು ತಿಳಿಯುವ ದಾರಿ ಇರಲಿಲ್ಲ, ತಡಮಾಡಿದರೆ ಯುದ್ಧ ಕಾಯುತ್ತಿರಲಿಲ್ಲ. ಪರೀಕ್ಷಾ ಪೈಲಟ್ ಮತ್ತು ಅವರ ಎಂಜಿನಿಯರ್‌ಗಳು ಅಪಾಯವನ್ನು ಅರಿತು ಒಪ್ಪಿಕೊಂಡವರು. ಕಾರ್ಖಾನೆಯ ಕಾರ್ಮಿಕರನ್ನು ಯಾರೂ ಕೇಳಿರಲಿಲ್ಲ. ವಿಮಾನ ಕಾರ್ಖಾನೆಯ ಮಗ್ಗುಲಲ್ಲೇ ನಿಲ್ದಾಣ, ಅದಕ್ಕೆ ಅಂಟಿಕೊಂಡೇ ನಗರ. ಹೊಸ ಬಾಂಬರ್‌ನ ಪರೀಕ್ಷೆ ಜನರ ತಲೆಯ ಮೇಲೆಯೇ ನಡೆಯುತ್ತಿತ್ತು. ಅಲೆನ್ ಅವರ ಧೈರ್ಯವನ್ನು ಮೆಚ್ಚುವಾಗ ಇದನ್ನು ಬಿಟ್ಟು ಮೆಚ್ಚಿದರೆ ಲೆಕ್ಕ ಪೂರ್ತಿಯಾಗುವುದಿಲ್ಲ.

ಆ ಬಿ-29 ಮುಂದೆ ಬಂದದ್ದು ನಮ್ಮ ದೇಶಕ್ಕೇ. 1944ರ ಏಪ್ರಿಲ್‌ನಲ್ಲಿ ಬಂಗಾಳದ ಖರಗ್‌ಪುರದ ಸುತ್ತಮುತ್ತಲಿನ ವಾಯುನೆಲೆಗಳಿಗೆ ಅವು ಇಳಿದವು. ಬರುವ ದಾರಿಯಲ್ಲಿ ಕರಾಚಿ ಬಳಿ ಬಿಸಿಲಿಗೆ ಎಂಜಿನ್ ಕಾದು ಹಲವು ವಿಮಾನಗಳು ಬಿದ್ದವು, ಹಾರಾಟ ನಿಲ್ಲಿಸಿ ಮತ್ತೆ ರಿಪೇರಿ ಮಾಡಬೇಕಾಯಿತು. ಜೂನ್ 5ರಂದು ಇಲ್ಲಿಂದಲೇ ಹೊರಟು ಬ್ಯಾಂಕಾಕ್ ಮೇಲೆ ಬಾಂಬ್ ಹಾಕಿದ್ದು ಬಿ-29ರ ಮೊದಲ ಯುದ್ಧ ಹಾರಾಟ. 1945ರ ಮಾರ್ಚ್‌ನ ಒಂದೇ ರಾತ್ರಿ ಟೋಕಿಯೊದಲ್ಲಿ ಇವು ಸುರಿದ ಬೆಂಕಿಗೆ ಸುಮಾರು ಒಂದು ಲಕ್ಷ ಜನ ಸತ್ತರು. ಹಿರೋಷಿಮಾ ಮತ್ತು ನಾಗಸಾಕಿಗೆ ಅಣುಬಾಂಬ್ ಹೊತ್ತದ್ದೂ ಬಿ-29ಗಳೇ. ಫ್ರೈ ಕಾರ್ಖಾನೆಯ ಕಾರ್ಮಿಕರು ಈ ವಿಮಾನಕ್ಕೆ ನೆಲದ ಮೇಲೆ ಬಲಿಯಾದ ಮೊದಲ ನಾಗರಿಕರು. ಕೊನೆಯವರಲ್ಲ.

ಉಳಿದದ್ದು

ಅಲೆನ್‌ಗೆ ಮರಣಾನಂತರ ಗೌರವಗಳು ಬಂದವು. 1943ರ ಡೇನಿಯಲ್ ಗುಗೆನ್‌ಹೈಮ್ ಪದಕ ಅವರ ಹೆಸರಿಗೆ ಬಂತು. ಯುದ್ಧ ಮುಗಿದ ಮೇಲೆ, ರಾಷ್ಟ್ರಾಧ್ಯಕ್ಷರಾಗಿದ್ದ ಅದೇ ಟ್ರೂಮನ್ ಆದೇಶದಂತೆ ಸೇನೆಯ ಏರ್ ಮೆಡಲ್ ಕೂಡ ಸಂದಿತು. ಸಮವಸ್ತ್ರ ಧರಿಸದ ನಾಗರಿಕನೊಬ್ಬನಿಗೆ ಆ ಪದಕ ಅಪರೂಪ.

ಅವರು ಬಯಸಿದ್ದ ಗಾಳಿ ಸುರಂಗ 1944ರಲ್ಲಿ ಸಿದ್ಧವಾಯಿತು. ಬೋಯಿಂಗ್ ಆ ಪ್ರಯೋಗಾಲಯಕ್ಕೆ ಅವರ ಹೆಸರನ್ನೇ ಇಟ್ಟಿತು. ಯುದ್ಧದ ನಂತರ ಹಿಂದಕ್ಕೆ ಬಾಗಿದ ರೆಕ್ಕೆಯ ಬಿ-47 ಜೆಟ್ ವಿಮಾನ ರೂಪ ಪಡೆದದ್ದು ಅಲ್ಲಿನ ಪರೀಕ್ಷೆಗಳಿಂದ. ಇಂದು ನಾವು ಹತ್ತುವ ಪ್ರಯಾಣಿಕ ಜೆಟ್‌ಗಳ ಬಾಗಿದ ರೆಕ್ಕೆ, ರೆಕ್ಕೆಯ ಕೆಳಗೆ ತೂಗುವ ಎಂಜಿನ್ ಇವೆಲ್ಲ ಅದೇ ವಂಶದವು.

ಕೆಲಸ ಹುಡುಕುತ್ತಿರುವ, ಪದವಿ ತಡವಾಯಿತೆಂದು ಕೊರಗುವ ನನ್ನಂಥವರಿಗೆ ಅಲೆನ್ ಬದುಕಿನಲ್ಲಿ ಎರಡು ಸಂಗತಿಗಳಿವೆ. ಮೊದಲನೆಯದು, ಅವರ ಓದು ಮತ್ತೆ ಮತ್ತೆ ತುಂಡಾಗಿತ್ತು, ಪ್ರತಿ ಸಲವೂ ಹಿಂದಿನ ಕೆಲಸ ಮುಂದಿನ ಓದಿಗೆ ಕೂಡಿಕೊಂಡಿತು. ಎರಡನೆಯದು ಹೆಚ್ಚು ಕಠಿಣವಾದದ್ದು. ನಾಳೆ ನಮ್ಮಲ್ಲಿ ಕೆಲವರು ಸೇತುವೆ ಕಟ್ಟುತ್ತೇವೆ, ಔಷಧ ಪರೀಕ್ಷಿಸುತ್ತೇವೆ, ಬಸ್ಸಿನ ಬ್ರೇಕ್ ನೋಡಿ ಸಹಿ ಹಾಕುತ್ತೇವೆ. ಬೇಗ ಮುಗಿಸಿ ಎಂಬ ಒತ್ತಡ ಮೇಲಿನಿಂದ ಬಂದೇ ಬರುತ್ತದೆ. ಆಗ ನಮ್ಮ ಅಪಾಯವನ್ನಷ್ಟೇ ಲೆಕ್ಕ ಹಾಕಿದರೆ ಸಾಲದು. ಊಟದ ಹೊತ್ತಿಗೆ ಮುಂಚೆ ಕೈಲಿದ್ದ ಕೆಲಸ ಮುಗಿಸಲು ನೋಡುತ್ತಿರುವ, ನಮ್ಮ ಹೆಸರನ್ನೂ ಕೇಳಿರದ ಜನ ಆ ಲೆಕ್ಕದ ಇನ್ನೊಂದು ಬದಿಯಲ್ಲಿರುತ್ತಾರೆ. ಸಹಿ ಹಾಕುವ ಮೊದಲು ಅವರನ್ನೂ ಎಣಿಸಬೇಕು.